ಗಾಲ್ಫ್: ಬಲಕ್ಕೆ ಬಾಗುವ ಚೆಂಡನ್ನು ನೇರಗೊಳಿಸುವ ಬಗೆ

ಗಾಲ್ಫ್ ಕಲಿಯಲು ಹೊರಟವರಿಗೆ ಮೊದಲು ಎದುರಾಗುವ, ಬಹುಕಾಲ ಬಿಡದೆ ಕಾಡುವ ದೋಷವೆಂದರೆ ‘ಸ್ಲೈಸ್’. ಬಲಗೈ ಆಟಗಾರ ಹೊಡೆದ ಚೆಂಡು ಗುರಿಯತ್ತ ಹೊರಟಂತೆ ತೋರಿ, ನಡುದಾರಿಯಲ್ಲಿ ಬಲಕ್ಕೆ ಬಾಗುತ್ತ ಸಾಗಿ, ಮರಗಳ ನಡುವೆಯೋ ಕೆರೆಯ ನೀರಿಗೋ ಬೀಳುವುದಕ್ಕೆ ಈ ಹೆಸರು. ಎಡಗೈ ಆಟಗಾರರಲ್ಲಿ ಇದೇ ದೋಷ ಎಡಕ್ಕೆ ಬಾಗುವ ಚೆಂಡಾಗಿ ಕಾಣಿಸಿಕೊಳ್ಳುತ್ತದೆ. ಈ ಲೇಖನದಲ್ಲಿ ಹೇಳಿರುವ ಎಡ-ಬಲಗಳೆಲ್ಲವೂ ಬಲಗೈ ಆಟಗಾರರಿಗೆ ಸಂಬಂಧಿಸಿದವು. ಎಡಗೈಯವರು ಅವನ್ನು ಅದಲುಬದಲು ಮಾಡಿಕೊಂಡರೆ ಸಾಕು.

ದೋಷಕ್ಕಿಂತಲೂ ಹೆಚ್ಚಿನ ತೊಂದರೆ ಕೊಡುವುದು ಆಟಗಾರರು ತಮಗೆ ತಾವೇ ಮಾಡಿಕೊಳ್ಳುವ ಮದ್ದು. ಚೆಂಡು ಬಲಕ್ಕೆ ಹೋಗುತ್ತದೆಂದು ಅವರು ಎಡಕ್ಕೆ ತಿರುಗಿ ನಿಂತು ಎಡಕ್ಕೇ ಬೀಸುತ್ತಾರೆ. ಆಗ ಚೆಂಡು ಇನ್ನಷ್ಟು ಬಲಕ್ಕೆ ಬಾಗುತ್ತದೆ. ಮತ್ತಷ್ಟು ಎಡಕ್ಕೆ ತಿರುಗುತ್ತಾರೆ; ಚೆಂಡು ಮತ್ತಷ್ಟು ಬಾಗುತ್ತದೆ. ಈ ಸುಳಿಯಲ್ಲಿ ಸಿಕ್ಕಿದವರು ವರ್ಷಗಟ್ಟಲೆ ಹೊರಬರುವುದಿಲ್ಲ. ಸ್ಲೈಸ್‌ನ ಕಾರಣವನ್ನು ತಿಳಿದು, ಒಂದು ಕ್ರಮದಲ್ಲಿ ತಿದ್ದಿಕೊಂಡರೆ ಮಾತ್ರ ಅದು ಹಿಡಿತಕ್ಕೆ ಬರುತ್ತದೆ.

ರಾಜ್ಯದಲ್ಲಿ ಗಾಲ್ಫ್

ಕರ್ನಾಟಕಕ್ಕೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ನಗರದ ನಡುವೆ, ಸ್ಯಾಂಕಿ ರಸ್ತೆಯ ಬದಿಯಲ್ಲಿರುವ ಅದರ ಅಂಗಳ ದೇಶದ ಅತಿ ಹಳೆಯ ಗಾಲ್ಫ್ ಅಂಗಳಗಳ ಸಾಲಿಗೆ ಸೇರಿದ್ದು. ಹಳೆಯ ವಿಮಾನ ನಿಲ್ದಾಣ ರಸ್ತೆಯ ಬಳಿ, ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಗಳವಿದೆ. ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಅವರ ಹೆಸರಿನ ಕ್ಲಬ್ಬಿದೆ. ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಫಿ ಸೀಮೆಯ ಏರುತಗ್ಗುಗಳಲ್ಲಿ ಆಟ ನಡೆಯುತ್ತದೆ. ಕೋಲಾರದ ಚಿನ್ನದ ಗಣಿಗೆ ಬಂದ ಬ್ರಿಟಿಷರೂ ಅಲ್ಲಿ ಗಾಲ್ಫ್ ಅಂಗಳವೊಂದನ್ನು ಮಾಡಿಕೊಂಡಿದ್ದರು.

ಈ ಅಂಗಳಗಳಿಂದ ಜಗತ್ತು ಗುರುತಿಸಿದ ಆಟಗಾರರು ಬಂದಿದ್ದಾರೆ. ಬಿಡದಿ ಸಮೀಪದ ರಂಗೇನಹಳ್ಳಿಯ ಎಸ್. ಚಿಕ್ಕರಂಗಪ್ಪ ಅವರು ಊರ ಪಕ್ಕದ ಈಗಲ್ಟನ್ ಅಂಗಳದಲ್ಲಿ ಆಟ ಕಲಿತು ವೃತ್ತಿಪರ ಆಟಗಾರರಾದರು. ಬೆಂಗಳೂರಿನಲ್ಲಿ ತರಬೇತಿ ಪಡೆದ ಅನಿರ್ಬನ್ ಲಾಹಿರಿ 2015ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ ಪಡೆದರು. ಸ್ಲೈಸ್ ಕುರಿತ ಚರ್ಚೆಯಲ್ಲಿ ಅದಿತಿಯವರ ಆಟವನ್ನು ನೆನೆಯಲು ಕಾರಣವಿದೆ. ಟೋಕಿಯೊದಲ್ಲಿ ಅವರು ಚೆಂಡನ್ನು ಅತಿ ದೂರ ಹೊಡೆದವರ ಸಾಲಿನಲ್ಲಿ ಇರಲಿಲ್ಲ. ಆ ವಿಷಯದಲ್ಲಿ ಹಿಂದಿನ ಸಾಲಿನಲ್ಲಿದ್ದ ಅವರನ್ನು ಪದಕದ ಹೊಸ್ತಿಲಿಗೆ ಒಯ್ದದ್ದು ನೇರವಾದ ಹೊಡೆತ ಮತ್ತು ಕುಳಿಯ ಸಮೀಪದ ನಾಜೂಕಿನ ಆಟ. ಹೊಸಬರ ಸ್ಲೈಸ್‌ಗೆ ಮುಖ್ಯ ಪ್ರೇರಣೆಯೇ ದೂರದ ಆಸೆ. ಬಲವನ್ನೆಲ್ಲ ತೋಳಿಗೆ ತಂದು ಬೀಸಿದಾಗ ಮೊದಲು ಕೆಡುವುದು ದಿಕ್ಕು.

ಚೆಂಡು ಗಾಳಿಯಲ್ಲಿ ಬಾಗುವುದೇಕೆ?

ತಿರುಗುತ್ತ ಹಾರುವ ಚೆಂಡು ಬಾಗುತ್ತದೆ ಎಂಬುದನ್ನು ಐಸಾಕ್ ನ್ಯೂಟನ್ 1672ರಷ್ಟು ಹಿಂದೆಯೇ ಟೆನಿಸ್ ಚೆಂಡಿನ ಉದಾಹರಣೆಯೊಂದಿಗೆ ಬರೆದಿದ್ದನು. 19ನೆಯ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಮ್ಯಾಗ್ನಸ್ ಇದನ್ನು ಪ್ರಯೋಗದಿಂದ ವಿವರಿಸಿದ ಕಾರಣ ಇದಕ್ಕೆ ‘ಮ್ಯಾಗ್ನಸ್ ಪರಿಣಾಮ’ ಎಂಬ ಹೆಸರು ಬಂದಿತು. ಎಡಿನ್‌ಬರೋದ ಭೌತಶಾಸ್ತ್ರಜ್ಞ ಪೀಟರ್ ಗಥ್ರಿ ಟೇಟ್ ಅದನ್ನು ಗಾಲ್ಫ್ ಚೆಂಡಿಗೆ ಅನ್ವಯಿಸಿದರು. ಹಿಮ್ಮುಖವಾಗಿ ತಿರುಗುವ ಚೆಂಡನ್ನು ಗಾಳಿಯೇ ಮೇಲಕ್ಕೆ ಎತ್ತಿಹಿಡಿಯುತ್ತದೆ ಎಂದು ಅವರು 1890ರ ದಶಕದಲ್ಲಿ ತೋರಿಸಿಕೊಟ್ಟರು. ಅವರ ಮಗ ಫ್ರೆಡ್ಡಿ ಟೇಟ್ ಬ್ರಿಟನ್ನಿನ ಹವ್ಯಾಸಿ ಗಾಲ್ಫ್ ಪ್ರಶಸ್ತಿಯನ್ನು 1896 ಮತ್ತು 1898ರಲ್ಲಿ ಗೆದ್ದ ಹೆಸರಾಂತ ಆಟಗಾರ.

ಕನ್ನಡಿಗರಿಗೆ ಈ ತತ್ವ ಕ್ರಿಕೆಟ್ಟಿನಿಂದ ಪರಿಚಿತ. ಎರಪಳ್ಳಿ ಪ್ರಸನ್ನ ಅವರ ಆಫ್ ಸ್ಪಿನ್ ಚೆಂಡು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ತೇಲಿ, ಥಟ್ಟನೆ ಕುಸಿದು ಬ್ಯಾಟುಗಾರರನ್ನು ವಂಚಿಸುತ್ತಿತ್ತು. ಅಲ್ಲಿ ಚೆಂಡಿಗೆ ತಿರುಗುವಿಕೆಯನ್ನು ಕೊಡುತ್ತಿದ್ದುದು ಬೆರಳು. ಇಲ್ಲಿ ಕೊಡುವುದು ಕ್ಲಬ್ಬಿನ ಮುಖ.

ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರುವಂತಿಲ್ಲ. ಕ್ಲಬ್ಬಿನ ಮುಖ ಅದನ್ನು ತಾಕುವ ಅವಧಿ ಸುಮಾರು ಅರ್ಧ ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಎರಡು ಸಾವಿರದ ಒಂದು ಪಾಲು. ಆ ಅವಧಿಯಲ್ಲಿ ಕೈ ತಿರುಗಿಸಿ ಚೆಂಡನ್ನು ತಿದ್ದುತ್ತೇನೆ ಎಂದರೆ ಆಗದ ಮಾತು. ತಾಕುವ ಕ್ಷಣಕ್ಕೆ ಕ್ಲಬ್ ಯಾವ ಸ್ಥಿತಿಯಲ್ಲಿ ಬಂದು ತಲುಪಿತೋ ಅದೇ ಚೆಂಡಿನ ಹಣೆಬರಹ.

ಆ ಕ್ಷಣದಲ್ಲಿ ಎರಡು ಸಂಗತಿಗಳು ನಿರ್ಣಾಯಕ. ಒಂದು, ಕ್ಲಬ್ಬಿನ ಮುಖ ಯಾವ ಕಡೆಗೆ ನೋಡುತ್ತಿದೆ ಎಂಬುದು. ಎರಡು, ಕ್ಲಬ್ಬಿನ ತಲೆ ಯಾವ ದಾರಿಯಲ್ಲಿ ಚಲಿಸುತ್ತಿದೆ ಎಂಬುದು. ಮುಖ ಮತ್ತು ದಾರಿ ಒಂದೇ ಕಡೆಗಿದ್ದರೆ ಚೆಂಡು ನೇರವಾಗಿ ಹಿಮ್ಮುಖ ತಿರುಗುತ್ತ ಹಾರುತ್ತದೆ. ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ತಿರುಗುವಿಕೆಯ ಅಕ್ಷ ಬಲಕ್ಕೆ ವಾಲುತ್ತದೆ. ವಿಮಾನವು ಒಂದು ರೆಕ್ಕೆಯನ್ನು ತಗ್ಗಿಸಿ ಆ ಕಡೆಗೆ ತಿರುಗುವಂತೆ, ಅಕ್ಷ ವಾಲಿದ ಚೆಂಡು ಬಲಕ್ಕೆ ಬಾಗುತ್ತದೆ. ಚೆಂಡಿಗೆ ಹಿಮ್ಮುಖ ತಿರುಗುವಿಕೆಯೊಂದು, ಅಡ್ಡ ತಿರುಗುವಿಕೆಯೊಂದು ಎಂದು ಎರಡು ಇರುವುದಿಲ್ಲ. ಇರುವುದು ವಾಲಿದ ಒಂದೇ ಅಕ್ಷ.

ಡ್ರೈವರ್‌ನಲ್ಲಿ ದೊಡ್ಡದಾಗಿ ಕಾಣುವ ಸ್ಲೈಸ್ ಗಿಡ್ಡ ಐರನ್‌ಗಳಲ್ಲಿ ಅಡಗಿಕೊಳ್ಳುವುದಕ್ಕೂ ಇದೇ ಕಾರಣ. ಡ್ರೈವರ್‌ನ ಮುಖ ಸಾಮಾನ್ಯವಾಗಿ 9ರಿಂದ 12 ಡಿಗ್ರಿ ಮಾತ್ರ ಹಿಂದಕ್ಕೆ ವಾಲಿರುತ್ತದೆ. ಮುಖದ ಇಳಿಜಾರು ಕಡಿಮೆಯಿದ್ದಷ್ಟೂ ಅಲ್ಪ ವ್ಯತ್ಯಾಸಕ್ಕೂ ಅಕ್ಷ ಹೆಚ್ಚು ವಾಲುತ್ತದೆ. ವೆಜ್‌ನಂತಹ ಇಳಿಜಾರು ಮುಖದ ಕ್ಲಬ್ಬಿನಲ್ಲಿ ಅದೇ ತಪ್ಪು ನಡೆದರೂ ಬಾಗು ಕಣ್ಣಿಗೆ ಬೀಳದಷ್ಟು ಕಡಿಮೆ. ಆದ್ದರಿಂದ ‘ಐರನ್ ಚೆನ್ನಾಗಿದೆ, ಡ್ರೈವರ್ ಮಾತ್ರ ಕೆಟ್ಟಿದೆ’ ಎನ್ನುವವರ ಬೀಸು ಬಹುಮಟ್ಟಿಗೆ ಎರಡರಲ್ಲಿಯೂ ಒಂದೇ ಆಗಿರುತ್ತದೆ.

ಹಳೆಯ ಪಾಠ, ಹೊಸ ಅಳತೆ

ಬಹುಕಾಲ ಗಾಲ್ಫ್ ಪುಸ್ತಕಗಳು ಬೇರೊಂದು ಪಾಠ ಹೇಳುತ್ತಿದ್ದವು. ಚೆಂಡು ಬೀಸಿನ ದಾರಿಯಲ್ಲಿ ಹೊರಡುತ್ತದೆ, ಬಳಿಕ ಮುಖ ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂಬುದು ಆ ಪಾಠ. 2003ರಲ್ಲಿ ಡೆನ್ಮಾರ್ಕ್‌ನಲ್ಲಿ ಆರಂಭವಾದ ಟ್ರ್ಯಾಕ್‌ಮನ್ ಸಂಸ್ಥೆಯ ರೇಡಾರ್ ಉಪಕರಣ ಮತ್ತು ಅತಿವೇಗದ ಕ್ಯಾಮೆರಾಗಳು ಇದನ್ನು ತಲೆಕೆಳಗು ಮಾಡಿದವು. ಚೆಂಡು ಹೊರಡುವ ದಿಕ್ಕನ್ನು ಮುಖ್ಯವಾಗಿ ನಿರ್ಧರಿಸುವುದು ಮುಖವೇ. ಡ್ರೈವರ್‌ನಲ್ಲಿ ಮುಖದ ಪಾಲು ಸುಮಾರು ಶೇ. 85; ಐರನ್‌ಗಳಲ್ಲಿ ಸುಮಾರು ಶೇ. 75. ಉಳಿದದ್ದು ದಾರಿಯ ಪಾಲು. ಬಾಗನ್ನು ನಿರ್ಧರಿಸುವುದು ಮುಖ ಮತ್ತು ದಾರಿಗಳ ನಡುವಿನ ಅಂತರ.

ಈ ತಿಳಿವಳಿಕೆಯಿಂದ ಕಲಿಯುವವನಿಗೆ ದೊಡ್ಡ ಉಪಕಾರವಾಗಿದೆ. ಚೆಂಡು ಯಾವ ಕಡೆಗೆ ಹೊರಟಿತು, ಬಳಿಕ ಯಾವ ಕಡೆಗೆ ಬಾಗಿತು ಎಂಬ ಎರಡನ್ನು ಗಮನಿಸಿದರೆ ಸಾಕು, ಯಾವ ಯಂತ್ರವೂ ಇಲ್ಲದೆ ದೋಷ ಎಲ್ಲಿದೆ ಎಂದು ಊಹಿಸಬಹುದು.

ಮೂರು ಬಗೆಯ ಸ್ಲೈಸ್

ಎಡಕ್ಕೆ ಹೊರಟು ಬಲಕ್ಕೆ ಬಾಗುವುದು: ಮುಖ ಗುರಿಯ ಎಡಕ್ಕಿದೆ, ದಾರಿ ಅದಕ್ಕಿಂತಲೂ ಹೆಚ್ಚು ಎಡಕ್ಕಿದೆ. ಕ್ಲಬ್ ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆ ಬದಿಯಿಂದ ಆಟಗಾರನ ಎಡಗಾಲಿನತ್ತ ಕೊಯ್ದುಕೊಂಡು ಬರುತ್ತಿದೆ. ಇಲ್ಲಿ ಮುಖ್ಯ ದೋಷ ದಾರಿಯದು.

ನೇರವಾಗಿ ಹೊರಟು ಬಲಕ್ಕೆ ಬಾಗುವುದು: ಮುಖ ಹೆಚ್ಚು ಕಡಿಮೆ ಗುರಿಯತ್ತಲೇ ಇದೆ, ದಾರಿ ಮಾತ್ರ ಎಡಕ್ಕಿದೆ. ಆಟಗಾರ ತನ್ನ ಮುಖ ನೇರವಿದೆ ಎಂದು ನಂಬಿರುವುದು ನಿಜವೇ. ಆದರೆ ಮುಖವು ಗುರಿಗೆ ನೇರವಿದ್ದರೂ ದಾರಿಗೆ ತೆರೆದಿದೆ.

ಬಲಕ್ಕೆ ಹೊರಟು ಇನ್ನೂ ಬಲಕ್ಕೆ ಬಾಗುವುದು: ಮುಖ ಗುರಿಯ ಬಲಕ್ಕೇ ತೆರೆದಿದೆ. ಅತಿ ಹೆಚ್ಚು ಚೆಂಡುಗಳು ಕಳೆದುಹೋಗುವುದು ಈ ಬಗೆಯಲ್ಲಿ. ಇಲ್ಲಿ ಮುಖ್ಯ ದೋಷ ಮುಖದ್ದು.

ಮೂರಕ್ಕೂ ಸಾಮಾನ್ಯವಾದದ್ದು ಒಂದೇ: ದಾರಿಗಿಂತ ಮುಖ ಬಲಕ್ಕಿದೆ. ಎಡಕ್ಕೆ ಗುರಿಯಿಡುವ ಮದ್ದು ಏಕೆ ಫಲಿಸುವುದಿಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಎಡಕ್ಕೆ ತಿರುಗಿ ನಿಂತಾಗ ಭುಜ, ಸೊಂಟಗಳು ತಿರುಗಿ ಬೀಸಿನ ದಾರಿ ಎಡಕ್ಕೆ ಸರಿಯುತ್ತದೆ. ಕ್ಲಬ್ಬಿನ ಮುಖವನ್ನು ಮಾತ್ರ ಆಟಗಾರ ಗುರಿಯತ್ತಲೇ ಇಟ್ಟುಕೊಳ್ಳುತ್ತಾನೆ. ಎರಡರ ನಡುವಿನ ಅಂತರ ಹೆಚ್ಚುತ್ತದೆ. ಅಂತರ ಹೆಚ್ಚಿದಷ್ಟೂ ಬಾಗು ಹೆಚ್ಚುತ್ತದೆ.

ತಿದ್ದುವ ಕ್ರಮ: ಮೊದಲು ಮುಖ, ಬಳಿಕ ದಾರಿ

ಹಲವರು ಮೊದಲು ದಾರಿಯನ್ನು ಸರಿಪಡಿಸಲು ಹೊರಡುತ್ತಾರೆ. ಮುಖ ತೆರೆದೇ ಇರುವಾಗ ದಾರಿಯನ್ನು ಬಲಕ್ಕೆ ತಂದರೆ ಚೆಂಡು ಬಲಗಡೆಗೇ ಹಾರಿ ಕಾಣೆಯಾಗುತ್ತದೆ. ಅದನ್ನು ನೋಡಿದ ಆಟಗಾರ ಮರುಹೊಡೆತದಲ್ಲಿ ಹಳೆಯ ಎಡದಾರಿಗೇ ಮರಳುತ್ತಾನೆ. ಹೊರಗಿನಿಂದ ಒಳಕ್ಕೆ ಕೊಯ್ಯುವ ಬೀಸು ಅನೇಕರಲ್ಲಿ ಹುಟ್ಟಿರುವುದೇ ತೆರೆದ ಮುಖಕ್ಕೆ ದೇಹ ಕಂಡುಕೊಂಡ ಉತ್ತರವಾಗಿ. ಮುಖ ಸರಿಹೋದರೆ ಎಡಕ್ಕೆ ಎಳೆಯುವ ಅಗತ್ಯವೇ ತಪ್ಪುತ್ತದೆ. ಆದ್ದರಿಂದ ಈ ಕೆಳಗಿನ ಕ್ರಮದಲ್ಲಿ, ಒಂದಾದ ಮೇಲೆ ಒಂದರಂತೆ ತಿದ್ದಿಕೊಳ್ಳುವುದು ಲೇಸು.

1. ಹಿಡಿತ. ಎಡಗೈಯಲ್ಲಿ ಕ್ಲಬ್ಬನ್ನು ಅಂಗೈಗಿಂತ ಹೆಚ್ಚಾಗಿ ಬೆರಳುಗಳ ಬುಡದಲ್ಲಿ ಹಿಡಿಯಬೇಕು. ಚೆಂಡಿನ ಮುಂದೆ ನಿಂತು ಕೆಳಗೆ ನೋಡಿದಾಗ ಎಡಗೈಯ ಎರಡು ಅಥವಾ ಮೂರು ಗೆಣ್ಣುಗಳು ಕಾಣುವಂತಿರಬೇಕು. ಒಂದೇ ಗೆಣ್ಣು ಕಂಡರೆ ಕೈ ಎಡಕ್ಕೆ ಹೆಚ್ಚು ತಿರುಗಿದೆ ಎಂದರ್ಥ. ಅಂತಹ ಹಿಡಿತದಲ್ಲಿ ಮುಖ ತೆರೆದುಕೊಳ್ಳುವುದು ಸಹಜ. ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಗೆರೆ ಬಲ ಭುಜದತ್ತ ತೋರಬೇಕು. ಹಿಡಿತ ಬಿಗಿಯಾಗಬಾರದು. ಬಿಗಿದ ಮುಂಗೈ ತಿರುಗುವುದಿಲ್ಲ. ಮುಂಗೈ ತಿರುಗದಿದ್ದರೆ ಮುಖ ಮುಚ್ಚುವುದಿಲ್ಲ.

2. ಮಣಿಕಟ್ಟು. ಕ್ಲಬ್ಬನ್ನು ಹಿಂದಕ್ಕೆತ್ತಿ ತುದಿ ತಲುಪಿದಾಗ ಎಡ ಮಣಿಕಟ್ಟು ಹಿಂಬದಿಗೆ ಬಾಗಿ ಬಟ್ಟಲಿನಂತಾದರೆ ಮುಖ ತೆರೆಯುತ್ತದೆ. ಕೈಯ ಹಿಂಬದಿ ಮತ್ತು ಮುಂಗೈ ಒಂದು ಪಟ್ಟಿಯಂತೆ ಸಮವಾಗಿದ್ದರೆ ಮುಖ ಸರಿಯಿರುತ್ತದೆ. ಇದನ್ನು ಪರೀಕ್ಷಿಸಲು ಸೊಂಟದ ಎತ್ತರದವರೆಗೆ ಮಾತ್ರ ಕ್ಲಬ್ ಎತ್ತಿ ನಿಲ್ಲಿಸಬೇಕು. ಆಗ ಮುಖದ ಅಂಚು ಬೆನ್ನೆಲುಬಿನ ಬಾಗಿಗೆ ಸಮನಾಗಿ ಕೊಂಚ ನೆಲದತ್ತ ವಾಲಿರಬೇಕು. ಮುಖ ಆಕಾಶದತ್ತ ನೋಡುತ್ತಿದ್ದರೆ ಅದು ತೆರೆದಿದೆ.

ಈ ಎರಡು ತಿದ್ದುಪಡಿಗಳಾದ ಮೇಲೆ ಚೆಂಡು ಕೆಲಕಾಲ ಎಡಕ್ಕೆ, ಬಹಳ ಎಡಕ್ಕೆ ಹೋಗುತ್ತದೆ. ಇದು ಹಿನ್ನಡೆಯಲ್ಲ, ಶುಭಸೂಚನೆ. ಮುಖ ಮುಚ್ಚಲು ಆರಂಭಿಸಿದೆ, ದಾರಿ ಮಾತ್ರ ಹಳೆಯದೇ ಇದೆ ಎಂದು ಅದರ ಅರ್ಥ. ಬಹುತೇಕ ಮಂದಿ ಇಲ್ಲಿಯೇ ಹೆದರಿ ಹಳೆಯ ಹಿಡಿತಕ್ಕೆ ಹಿಂತಿರುಗುತ್ತಾರೆ. ಹಿಂತಿರುಗದೆ ಮುಂದಿನ ಹೆಜ್ಜೆಗೆ ಹೋಗಬೇಕು.

3. ನಿಲುವು ಮತ್ತು ಚೆಂಡಿನ ಸ್ಥಾನ. ಪಾದ, ಮೊಣಕಾಲು, ಸೊಂಟ, ಭುಜಗಳು ಗುರಿರೇಖೆಗೆ ಸಮಾನಾಂತರವಾಗಿರಬೇಕು. ಸ್ಲೈಸ್ ಆಟಗಾರರ ಪಾದಗಳು ಸರಿಯಿದ್ದರೂ ಭುಜಗಳು ಎಡಕ್ಕೆ ತೆರೆದಿರುವುದುಂಟು. ಕ್ಲಬ್ಬನ್ನು ಎದೆಗೆ ಅಡ್ಡಲಾಗಿ ಹಿಡಿದು ನೋಡಿದರೆ ಇದು ತಿಳಿಯುತ್ತದೆ. ಡ್ರೈವರ್ ಹೊಡೆಯುವಾಗ ಚೆಂಡು ಎಡ ಹಿಮ್ಮಡಿಯ ಒಳಬದಿಗೆ ನೇರವಾಗಿರಬೇಕು. ಅದಕ್ಕಿಂತ ಮುಂದಿಟ್ಟರೆ ಅದನ್ನು ತಲುಪಲು ಭುಜ ತೆರೆದುಕೊಳ್ಳುತ್ತದೆ. ಕ್ಲಬ್ ಚೆಂಡನ್ನು ಮುಟ್ಟುವ ವೇಳೆಗೆ ಎಡಕ್ಕೆ ತಿರುಗಿಬಿಟ್ಟಿರುತ್ತದೆ.

4. ದಾರಿ. ಕ್ಲಬ್ ಕೆಳಗಿಳಿಯುವ ಆರಂಭದಲ್ಲಿ ಬಲ ಭುಜ ಮುಂದಕ್ಕೆ ನುಗ್ಗುವುದೇ ಹೊರಗಿನಿಂದ ಕೊಯ್ಯುವ ಬೀಸಿನ ಮೂಲ. ತೋಳಿನಿಂದ ಬಲ ಹಾಕಲು ಆತುರಪಟ್ಟಾಗ ಹೀಗಾಗುತ್ತದೆ. ಇಳಿಯುವ ಚಲನೆ ಕೆಳಗಿನಿಂದ ಆರಂಭವಾಗಬೇಕು: ಭಾರ ಎಡಗಾಲಿಗೆ ಸರಿಯಬೇಕು, ಆಗಲೂ ಬೆನ್ನು ಕ್ಷಣಕಾಲ ಗುರಿಯತ್ತಲೇ ಇರಬೇಕು. ಆಗ ಕೈಗಳು ದೇಹದ ಬಲಬದಿಯಿಂದ ಇಳಿಯಲು ಜಾಗ ಸಿಗುತ್ತದೆ.

ಇದನ್ನು ರೂಢಿಸಿಕೊಳ್ಳಲು ಸರಳ ಅಭ್ಯಾಸವೊಂದಿದೆ. ಚೆಂಡಿನ ಆಚೆಬದಿಯಲ್ಲಿ, ಗುರಿರೇಖೆಯ ಹೊರಗೆ, ಚೆಂಡಿಗಿಂತ ಸುಮಾರು ಒಂದು ಅಡಿ ಹಿಂದೆ ಖಾಲಿ ರಟ್ಟಿನ ಪೆಟ್ಟಿಗೆಯನ್ನೋ ಕ್ಲಬ್ಬಿನ ಮೆತ್ತನೆಯ ಹೊದಿಕೆಯನ್ನೋ ಇಡಬೇಕು. ಹೊರಗಿನಿಂದ ಬಂದ ಕ್ಲಬ್ ಅದಕ್ಕೆ ತಗಲುತ್ತದೆ. ಒಳಗಿನಿಂದ ಬಂದ ಕ್ಲಬ್ ತಗಲದೆ ಚೆಂಡನ್ನು ತಲುಪುತ್ತದೆ. ಆರಂಭದಲ್ಲಿ ಅರ್ಧ ಬೀಸು, ಅರ್ಧ ವೇಗ ಸಾಕು. ಬಲಪಾದವನ್ನು ಕೊಂಚ ಹಿಂದಕ್ಕೆ ಎಳೆದು ನಿಂತು ಹೊಡೆಯುವುದೂ ಇದಕ್ಕೆ ನೆರವಾಗುತ್ತದೆ. ಎರಡು ಪಾದಗಳನ್ನು ಜೋಡಿಸಿ ನಿಂತು ಹೊಡೆದರೆ ಆತುರಪಟ್ಟ ಕೂಡಲೇ ದೇಹ ಆಯ ತಪ್ಪುವುದರಿಂದ, ಬೀಸಿನ ಲಯ ತಾನಾಗಿಯೇ ತಹಬಂದಿಗೆ ಬರುತ್ತದೆ.

5. ಚೆಂಡು ತಾಕುವ ತಾಣ. ಮುಖ, ದಾರಿಗಳೆರಡೂ ಸರಿಯಿದ್ದರೂ ಚೆಂಡು ಡ್ರೈವರ್‌ನ ಹಿಮ್ಮಡಿಗೆ, ಅಂದರೆ ಹಿಡಿಕೋಲಿನ ಸಮೀಪದ ಭಾಗಕ್ಕೆ ತಾಕಿದರೆ ಬಲಕ್ಕೆ ಬಾಗುತ್ತದೆ. ತಾಕಿದ ರಭಸಕ್ಕೆ ಕ್ಲಬ್ಬಿನ ತಲೆ ತಿರುಗಿ, ಹಲ್ಲುಗಾಲಿಗಳು ಒಂದನ್ನೊಂದು ತಿರುಗಿಸುವಂತೆ ಚೆಂಡನ್ನೂ ತಿರುಗಿಸುವುದು ಇದಕ್ಕೆ ಕಾರಣ. ಇದನ್ನು ತಿಳಿಯಲು ಅಭ್ಯಾಸದ ವೇಳೆ ಮುಖಕ್ಕೆ ತೆಳುವಾಗಿ ಟಾಲ್ಕಂ ಪೌಡರ್ ಸವರಿ ಹೊಡೆಯಬೇಕು. ಚೆಂಡಿನ ಗುರುತು ಅಲ್ಲಿ ಮೂಡುತ್ತದೆ. ಆದರೆ ಪಂದ್ಯದಲ್ಲಿ ಚೆಂಡಿನ ನಡೆ ಬದಲಾಗಲೆಂದು ಮುಖಕ್ಕೆ ಏನನ್ನಾದರೂ ಸವರುವುದು ನಿಯಮಬಾಹಿರ.

ಅಂಗಳವಿಲ್ಲದ ಊರಿನಲ್ಲಿ ಅಭ್ಯಾಸ

ಗಾಲ್ಫ್ ಅಂಗಳಗಳು ಹೆಚ್ಚಾಗಿ ಇರುವುದು ಬೆಂಗಳೂರು, ಮೈಸೂರು ಮತ್ತು ಮಲೆನಾಡಿನ ಕಡೆಗೆ. ನಗರದಲ್ಲಿ ಆಟ ಕಲಿತವರು ರಜೆಗೆ ಊರಿಗೆ ಹೋದಾಗ ಅಭ್ಯಾಸ ತಪ್ಪುತ್ತದೆ ಎಂಬ ಕೊರಗಿದೆ. ಸ್ಲೈಸ್ ತಿದ್ದಿಕೊಳ್ಳುವ ಮಟ್ಟಿಗೆ ಈ ಕೊರಗಿಗೆ ಆಧಾರವಿಲ್ಲ. ಮೇಲೆ ಹೇಳಿದ ಮೊದಲ ಮೂರು ತಿದ್ದುಪಡಿಗಳಿಗೆ ಚೆಂಡೂ ಬೇಡ, ಅಂಗಳವೂ ಬೇಡ, ಕನ್ನಡಿಯೊಂದಿದ್ದರೆ ಸಾಕು.

ನಾಲ್ಕನೆಯದಕ್ಕೆ ಬರಿ ಮಣ್ಣೇ ಒಳ್ಳೆಯ ಗುರು. ಧಾರವಾಡ ಜಿಲ್ಲೆಯ ನವಲಗುಂದ-ಅಣ್ಣಿಗೇರಿ ಭಾಗದ ಶಲವಡಿಯಂತಹ ಊರನ್ನು ನೆನೆಯಬಹುದು. ಸುತ್ತ ಮರಗಳ ಅಡ್ಡಿಯಿಲ್ಲದ, ಕಣ್ಣು ಹಾಯುವಷ್ಟು ದೂರ ಬಯಲಾದ ಎರೆ ಹೊಲಗಳು. ಹಿಂಗಾರಿನ ಜೋಳ, ಕಡಲೆಗಳ ಕಟಾವು ಮುಗಿದ ಬಳಿಕ ಮುಂಗಾರಿನ ಬಿತ್ತನೆಯವರೆಗೆ ಈ ಹೊಲಗಳು ತೆರವಾಗಿರುತ್ತವೆ. ಹೊಲದವರ ಒಪ್ಪಿಗೆ ಪಡೆದು, ಪುಡಿಮಣ್ಣಿನ ಮೇಲೆ ಗುರಿಯತ್ತ ಒಂದು ನೇರ ಗೆರೆ ಎಳೆದು, ಚೆಂಡಿಲ್ಲದೆಯೇ ಐರನ್ನಿನಿಂದ ಆ ಗೆರೆಯ ಮೇಲೆ ಮೆಲ್ಲಗೆ ಬೀಸಿದರೆ ಕ್ಲಬ್ಬಿನ ಅಂಚು ಮಣ್ಣಿನಲ್ಲಿ ಗೀರು ಉಳಿಸುತ್ತದೆ. ಎಳೆದ ಗೆರೆಯನ್ನು ಬಲದಿಂದ ಎಡಕ್ಕೆ ಕತ್ತರಿಸಿ ಹೋಗುವ ಗೀರು ಸ್ಲೈಸ್‌ನ ದಾರಿ. ಗೆರೆಯ ಜೊತೆಗೇ ಸಾಗುವ ಗೀರು ಸರಿಯಾದ ದಾರಿ. ಗಾಲ್ಫ್ ಅಂಗಳದಲ್ಲಿ ಹುಲ್ಲು ಕಿತ್ತ ಗುರುತನ್ನು ನೋಡಿ ತರಬೇತುದಾರರು ಓದುವುದೂ ಇದನ್ನೇ. ಮಣ್ಣಿನಲ್ಲಿ ಅದು ಇನ್ನೂ ಸ್ಪಷ್ಟ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಗಟ್ಟಿಯಾಗಿ ಆಳವಾಗಿ ಬಿರಿಯುತ್ತದೆ. ಅಂತಹ ನೆಲಕ್ಕೆ ರಭಸದಿಂದ ಹೊಡೆದರೆ ಮಣಿಕಟ್ಟಿಗೆ ಪೆಟ್ಟಾಗಬಹುದು. ಬಿರುಕಿಗೆ ಬಿದ್ದ ಚೆಂಡು ಮತ್ತೆ ಸಿಗುವುದೂ ಕಷ್ಟ. ಪುಡಿಮಣ್ಣು ಸಡಿಲವಾಗಿರುವಲ್ಲಿ ಮಾತ್ರ ಬೀಸಬೇಕು. ಚೆಂಡು ಹೊಡೆಯಲೇಬೇಕೆಂದರೆ ಸ್ಪಂಜಿನ ಅಥವಾ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ಬಳಸಬೇಕು. ಗಟ್ಟಿ ಚೆಂಡು ನೂರಾರು ಮೀಟರ್ ದೂರ ಹಾರುತ್ತದೆ. ಹೊಲದಲ್ಲಿ ಬಾಗಿ ಕೆಲಸ ಮಾಡುತ್ತಿರುವವರು, ದನಗಾಹಿಗಳು ದೂರದಿಂದ ಕಾಣುವುದಿಲ್ಲ.

ಬಯಲುಸೀಮೆಯ ಗಾಳಿಯೂ ಒಂದು ಪಾಠ ಕಲಿಸುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಪಡುವಣ ಗಾಳಿ ಬಿರುಸಾಗಿ ಬೀಸುತ್ತದೆ. ನೆರೆಯ ಗದಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಎದುರುಗಾಳಿಯಲ್ಲಿ ಹೊಡೆದಾಗ ಚೆಂಡಿಗೆ ತಾಗುವ ಗಾಳಿಯ ವೇಗ ಹೆಚ್ಚುವುದರಿಂದ ಮ್ಯಾಗ್ನಸ್ ಬಲವೂ ಹೆಚ್ಚಿ, ಸಣ್ಣ ಸ್ಲೈಸ್ ದೊಡ್ಡದಾಗಿ ಕಾಣುತ್ತದೆ. ಬೆನ್ನಗಾಳಿಯಲ್ಲಿ ಅದೇ ದೋಷ ಮರೆಯಾಗುತ್ತದೆ. ಬೆನ್ನಗಾಳಿಯ ದಿನ ಚೆಂಡು ನೇರ ಹೋಯಿತೆಂದು ದೋಷ ಹೋಯಿತೆಂದು ತಿಳಿಯಬಾರದು.

ಸಲಕರಣೆಯಿಂದ ಎಷ್ಟು ನೆರವು?

ಸ್ಲೈಸ್ ಕಡಿಮೆ ಮಾಡುತ್ತವೆ ಎಂದು ಮಾರಾಟವಾಗುವ ಡ್ರೈವರ್‌ಗಳಿವೆ. ಅವುಗಳಲ್ಲಿ ತೂಕವನ್ನು ಹಿಮ್ಮಡಿಯ ಕಡೆಗೆ ಇಟ್ಟು, ಮುಖವನ್ನು ತುಸು ಮುಚ್ಚಿರುತ್ತಾರೆ. ಮುಖದ ಇಳಿಜಾರನ್ನು ಹೆಚ್ಚು ಕಡಿಮೆ ಮಾಡಬಲ್ಲ ಡ್ರೈವರ್‌ಗಳೂ ಸಾಮಾನ್ಯವಾಗಿವೆ. 9 ಡಿಗ್ರಿಯ ಬದಲು 11 ಅಥವಾ 12 ಡಿಗ್ರಿಯ ಮುಖವನ್ನು ಬಳಸಿದರೆ ಅಕ್ಷದ ವಾಲು ಕಡಿಮೆಯಾಗುತ್ತದೆ. ಹಿಡಿಕೋಲು ಆಟಗಾರನ ವೇಗಕ್ಕೆ ಮೀರಿ ಗಡುಸಾಗಿದ್ದರೆ, ಹಿಡಿಯ ರಬ್ಬರು ಕೈಗೆ ಮೀರಿ ದಪ್ಪವಾಗಿದ್ದರೆ ಮುಖ ಮುಚ್ಚುವುದು ತಡವಾಗಬಹುದು. ಈ ಬದಲಾವಣೆಗಳು ಬಾಗನ್ನು ಕೊಂಚ ತಗ್ಗಿಸುತ್ತವೆ, ಹತ್ತಾರು ಡಿಗ್ರಿ ತಪ್ಪಿದ ಬೀಸನ್ನು ಸರಿಪಡಿಸುವುದಿಲ್ಲ. ದುಬಾರಿ ಡ್ರೈವರ್ ಕೊಳ್ಳುವ ಮೊದಲು ಅನುಭವಿ ತರಬೇತುದಾರರಿಂದ ಹಿಡಿತವನ್ನು ಪರೀಕ್ಷಿಸಿಕೊಳ್ಳುವುದು ಕಡಿಮೆ ಖರ್ಚಿನ, ಹೆಚ್ಚು ಫಲದ ಮಾರ್ಗ.

ಅಪಾಯ ಮತ್ತು ಹೊಣೆ

ಸ್ಲೈಸ್ ಕೇವಲ ಅಂಕ ಕೆಡಿಸುವ ದೋಷವಲ್ಲ. ಅಂಗಳದ ಬಲಬದಿಯಲ್ಲಿ ರಸ್ತೆಯೋ ಮನೆಗಳೋ ಇದ್ದರೆ ಅದು ಪರರ ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಅಪಕೃತ್ಯ ಕಾನೂನನ್ನು ಓದುವ ವಿದ್ಯಾರ್ಥಿಗಳಿಗೆ 1922ರ ಇಂಗ್ಲೆಂಡಿನ ‘ಕ್ಯಾಸಲ್ ವಿರುದ್ಧ ಸೇಂಟ್ ಅಗಸ್ಟೀನ್ಸ್ ಲಿಂಕ್ಸ್’ ಮೊಕದ್ದಮೆ ಪರಿಚಿತ. ಹದಿಮೂರನೆಯ ಟೀಯಿಂದ ಹೊಡೆದ ಚೆಂಡು ಸ್ಲೈಸ್ ಆಗಿ ಪಕ್ಕದ ಹೆದ್ದಾರಿಗೆ ಹಾರಿತು. ಅಲ್ಲಿ ಹೋಗುತ್ತಿದ್ದ ಟ್ಯಾಕ್ಸಿಯ ಗಾಜು ಒಡೆಯಿತು. ಚಾಲಕ ಒಂದು ಕಣ್ಣನ್ನು ಕಳೆದುಕೊಂಡನು. ಆ ಟೀಯಿಂದ ರಸ್ತೆಗೆ ಚೆಂಡುಗಳು ಆಗಾಗ ಬೀಳುತ್ತಿದ್ದವು ಎಂಬುದನ್ನು ಗಮನಿಸಿದ ನ್ಯಾಯಾಲಯ, ಅದನ್ನು ಸಾರ್ವಜನಿಕ ಉಪದ್ರವವೆಂದು ಪರಿಗಣಿಸಿ ಹೊಣೆಯನ್ನು ಹೊರಿಸಿತು. ಸ್ಲೈಸ್ ಆಕಸ್ಮಿಕವೆಂದು ಆಟಗಾರ ಹೇಳಬಹುದು. ಪದೇ ಪದೇ ನಡೆಯುವುದು ಆಕಸ್ಮಿಕವಾಗದು ಎಂಬುದೇ ಅದರ ಸಾರ.

ನಗರಗಳು ಗಾಲ್ಫ್ ಅಂಗಳಗಳ ಅಂಚಿನವರೆಗೆ ಬೆಳೆದಿರುವ ಇಂದು ಈ ಮಾತಿಗೆ ಹೆಚ್ಚಿನ ತೂಕವಿದೆ. ಚೆಂಡು ಬಲಕ್ಕೆ ಹೊರಳಿದ್ದು ಕಂಡ ಕೂಡಲೇ ‘ಫೋರ್’ ಎಂದು ಗಟ್ಟಿಯಾಗಿ ಕೂಗುವುದು ಆಟದ ಮರ್ಯಾದೆಯಷ್ಟೇ ಅಲ್ಲ, ಕರ್ತವ್ಯ. ಆಟಗಾರನಿಗಿಂತ ಮುಂದೆ ನಿಂತು ಚೆಂಡಿನ ಜಾಡು ಹಿಡಿಯುವ ಕ್ಯಾಡಿಗಳಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ದೋಷ ಹಿಡಿತಕ್ಕೆ ಬರುವವರೆಗೆ, ಬಲಬದಿಯಲ್ಲಿ ರಸ್ತೆಯಿರುವ ಟೀಗಳಲ್ಲಿ ಡ್ರೈವರ್ ಬಿಟ್ಟು ಇಳಿಜಾರು ಮುಖದ ಕ್ಲಬ್ಬಿನಿಂದ ಹೊಡೆಯುವುದು ವಿವೇಕ. ಬಾಗೂ ಕಡಿಮೆ, ಹಾರುವ ದೂರವೂ ಕಡಿಮೆ.

ಪೂರ್ಣ ನಿವಾರಣೆ ಬೇಕೆ?

ಬಲಕ್ಕೆ ಬಾಗುವ ಚೆಂಡೆಲ್ಲವೂ ದೋಷವಲ್ಲ. ಬಾಗು ಅಲ್ಪವಾಗಿದ್ದು, ಪ್ರತಿ ಬಾರಿಯೂ ಒಂದೇ ಪ್ರಮಾಣದಲ್ಲಿದ್ದರೆ ಅದನ್ನು ‘ಫೇಡ್’ ಎನ್ನುತ್ತಾರೆ. ಅಮೆರಿಕದ ಬೆನ್ ಹೋಗನ್ ಅವರನ್ನು ಕಾಡುತ್ತಿದ್ದುದು ಇದಕ್ಕೆ ವಿರುದ್ಧವಾದ, ಎಡಕ್ಕೆ ಹೊರಳುವ ‘ಹುಕ್’. ಅದರಿಂದ ಬಿಡಿಸಿಕೊಂಡು ಅವರು ಫೇಡ್ ರೂಢಿಸಿಕೊಂಡ ಮೇಲೆಯೇ ತಮ್ಮ ಶ್ರೇಷ್ಠ ಆಟವನ್ನು ಆಡಿದರು. ಜ್ಯಾಕ್ ನಿಕ್ಲಾಸ್, ಲೀ ಟ್ರೆವಿನೊ ಅವರಂತಹ ದಿಗ್ಗಜರೂ ಬಲಕ್ಕೆ ಬಾಗುವ ಹೊಡೆತವನ್ನೇ ನೆಚ್ಚಿಕೊಂಡಿದ್ದರು. ಫೇಡ್ ಮತ್ತು ಸ್ಲೈಸ್‌ಗಳ ನಡುವಿನ ಭೇದ ಬಾಗಿನ ಪ್ರಮಾಣದಲ್ಲಿ ಮಾತ್ರವಿಲ್ಲ. ಚೆಂಡು ಎಲ್ಲಿ ಇಳಿಯುತ್ತದೆ ಎಂದು ಒಬ್ಬನಿಗೆ ಮೊದಲೇ ಗೊತ್ತಿರುತ್ತದೆ. ಇನ್ನೊಬ್ಬನಿಗೆ ಬಿದ್ದ ಮೇಲೆ ಗೊತ್ತಾಗುತ್ತದೆ.

ಒಂದು ವಾರದಲ್ಲಿ ಸ್ಲೈಸ್ ಮಾಯವಾಗುವುದಿಲ್ಲ. ಹೊಸ ಹಿಡಿತ ಕೈಗೆ ಒಗ್ಗಲು ವಾರಗಳು ಬೇಕು. ಹೊಸ ದಾರಿ ದೇಹಕ್ಕೆ ಒಗ್ಗಲು ಅದಕ್ಕಿಂತ ಹೆಚ್ಚು ಬೇಕು. ದಿನಕ್ಕೆ ಹತ್ತು ನಿಮಿಷ, ಅರ್ಧ ವೇಗದಲ್ಲಿ, ಒಂದೇ ಒಂದು ಅಂಶವನ್ನು ಗಮನದಲ್ಲಿಟ್ಟು ಮಾಡಿದ ಅಭ್ಯಾಸವು ಭಾನುವಾರಕ್ಕೊಮ್ಮೆ ಬುಟ್ಟಿಗಟ್ಟಲೆ ಚೆಂಡು ಹೊಡೆಯುವುದಕ್ಕಿಂತ ಮೇಲು. ಎಡಕ್ಕೆ ತಿರುಗಿ ನಿಲ್ಲುವ ಆಸೆ ಪ್ರತಿ ಕೆಟ್ಟ ಹೊಡೆತದ ಬಳಿಕವೂ ಬರುತ್ತದೆ. ಅದನ್ನು ಗೆದ್ದು, ಗುರಿಗೆ ನೇರವಾಗಿ ನಿಂತು, ಎಡಗೈಯ ಗೆಣ್ಣುಗಳನ್ನು ಮತ್ತೊಮ್ಮೆ ಎಣಿಸಿಕೊಳ್ಳುವವನ ಚೆಂಡು ಇಂದಲ್ಲ ನಾಳೆ ಹುಲ್ಲಿನ ಹಾದಿಗೆ ಬರುತ್ತದೆ.